ಗ್ವಾಡಿಮ್ಯಾಲಿನ ಮಣ್ಣಿನ ಗೂಡು: ಜೇನು ಯಾವುದು, ಕಣಜ ಯಾವುದು

ಹೋದ ವಾರ ನಮ್ಮ ಓಣಿಯ ವೈನಿ ಒಬ್ಬರು ಫೋನಿಗೆ ಒಂದು ಫೋಟೋ ಕಳಿಸಿದ್ರು. ದೇವರ ಮನಿ ಗ್ವಾಡಿಗೆ, ಮೊಳಿ ಪಕ್ಕದಾಗ, ಬೆರಳಿನಷ್ಟು ಉದ್ದದ ನಾಲ್ಕು ಮಣ್ಣಿನ ಕೊಳವಿ ಒಂದಕ್ಕೊಂದು ಅಂಟಿಕೊಂಡಿದ್ವು. ಕೆಳಗ ಬರದಿದ್ರು: "ಇದು ಜೇನೋ, ಕಣಜೋ? ತಗೀಲೋ, ಬಿಡ್ಲೋ? ಮನ್ಯಾಗ ಹೊಸಾ ಸೊಸಿ ಬಂದಾಳ. ಈ ಗೂಡು ಶುಭ ಅಂತಾರಲ್ಲಾ!" ಕೊನಿಗೆ ಒಂದು ನಗೂ ಮಾರಿ.

ನನಗ ಮಾತ್ರ ನಗು ಬರಲಿಲ್ಲ. ನಮ್ಮವ್ವ ನೆನಪಾದ್ಲು. ಅದಕ್ಕ ಈ ಸಲ ಅಡಗಿ, ಹಪ್ಪಳ, ಉಪ್ಪಿನಕಾಯಿ ಎಲ್ಲಾ ಬದಿಗಿಟ್ಟು ಹುಳದ ಇತಿಹಾಸ ಬರೀಲಿಕ್ಕೆ ಕೂತೀನಿ. ಹುಳದ್ದೇನು ಇತಿಹಾಸ ಅನಬ್ಯಾಡ್ರಿ. ಈ ಸಣ್ಣ ಮಣ್ಣಿನ ಗೂಡಿನೊಳಗ ಏನು ನಡೀತದ ಅಂತ ತಿಳಕೊಳ್ಳಿಕ್ಕೆ ಮನಷ್ಯಾಗ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿದದ. ಅಷ್ಟು ದಿನದಾಗ ಎಷ್ಟೋ ಸೊಸ್ಯಾರು ಅದರ ಕೆಳಗ ತಲಿ ತಗ್ಗಿಸಿ ನಿಂತಾರ.

ನಮ್ಮ ಮನ್ಯಾಗ ನಂಬಿಕಿ ಹಿಂಗಿತ್ತು. ಕುಂಬಾರ ಹುಳ ಮನಿಯೊಳಗ ಗೂಡು ಕಟ್ಟಿತಂದ್ರ ಆ ಮನ್ಯಾಗ ಯಾರೋ ಬಸರಾಗ್ತಾರ. ಉದ್ದ ಕೊಳವಿ ಇದ್ರ ಗಂಡು, ದುಂಡ ಗಡಿಗಿ ಇದ್ರ ಹೆಣ್ಣು. ಅವ್ವ ಮದುವಿ ಆಗಿ ಬಂದು ಎಂಟು ವರ್ಷ ಮಕ್ಕಳಾಗಿರಲಿಲ್ಲ. ಪ್ರತಿ ವರ್ಷ ಮಳಿ ಶುರು ಆದ ಮ್ಯಾಲೆ ಪಡಸಾಲಿ ಜಂತಿಗೆ ಗೂಡು ಬೀಳೋದು. ಅಜ್ಜಿ ಅದನ್ನ ಕಸಬರಗಿಗೆ ತಾಗಲಿಕ್ಕೆ ಬಿಡ್ತಿರಲಿಲ್ಲ. ಬಂದ ಹೋದ ಹೆಣಮಕ್ಕಳೆಲ್ಲಾ ಮೊದಲ ಜಂತಿ ನೋಡೋದು, ಆಮ್ಯಾಲೆ ಅವ್ವನ ಹೊಟ್ಟಿ ನೋಡೋದು. ಯಾರೂ ಕೆಟ್ಟ ಮಾತು ಆಡ್ತಿರಲಿಲ್ಲ. "ಈ ಸಲ ಆಗ್ತದ ತಗೋ" ಅಂತಿದ್ರು, ಅಷ್ಟ. ಆ ಒಳ್ಳೆ ಮಾತೇ ಎಲ್ಲಾಕ್ಕಿಂತ ಹೆಚ್ಚು ಚುಚ್ತಿತ್ತು ಅಂತ ಅವ್ವ ನನಗ ಭಾಳ ವರ್ಷದ ಮ್ಯಾಲೆ ಹೇಳಿದ್ಲು.

ಒಂದ ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಅಕಿ ಸ್ಟೂಲ್ ಹತ್ತಿ, ಸವಟಿನ ತುದೀಲೆ ಆ ಗೂಡು ಕೆತ್ತಿ ಕೆಳಗ ಇಳಿಸಿದ್ಲು. ಒಡದು ನೋಡಿದ್ರ ಒಳಗ ಹತ್ತೋ ಹನ್ನೆರಡೋ ಜೇಡ. ಸತ್ತಂಗ ಬಿದ್ದಿದ್ವು, ಆದ್ರ ಒಣಗಿರಲಿಲ್ಲ. ಅವುಗಳ ನಡುವ ಅನ್ನದ ಅಗಳಿನಂಥಾ ಒಂದು ಬಿಳಿ ಮರಿ, ಜೇಡದ ಹೊಟ್ಟಿಗೆ ಬಾಯಿ ಹಚ್ಚಿತ್ತು. ಅವ್ವ ಅದನ್ನ ಮರದಾಗ ಹಾಕ್ಕೊಂಡು ಅಜ್ಜಿ ಮುಂದ ಇಟ್ಟು, "ಇದರಾಗ ನನ್ನ ಸುದ್ದಿ ಏನೂ ಇಲ್ಲ ಅತ್ತಿ, ಬರೇ ಜೇಡ ಅವ" ಅಂದ್ಲಂತ.

ಅಜ್ಜಿ ಆ ಹೊತ್ತಿಗೆ ಏನೂ ಅನಲಿಲ್ಲ. ಅಕಿ ನಂಬಿದ್ದು ಬರೇ ಓಣಿ ಮಾತಲ್ಲ, ಪುರಾಣದ ಮಾತು. ಚಾತುರ್ಮಾಸದಾಗ ಭಾಗವತ ಕೇಳಿದವರಿಗೆ ಗೊತ್ತಿರ್ತದ. ಹನ್ನೊಂದನೇ ಸ್ಕಂಧದಾಗ ಅವಧೂತ ತನ್ನ 24 ಗುರುಗಳ ಹೆಸರು ಹೇಳ್ತಾನ. ಭೂಮಿ, ಗಾಳಿ, ಆಕಾಶದಿಂದ ಹಿಡಿದು ಬಳಿ ಸಪ್ಪಳ ಆಗಬಾರದಂತ ಒಂದೊಂದಾ ಬಳಿ ತಗದ ಕನ್ಯಾವರೆಗೂ. ಅದರಾಗ ಜೇನುಹುಳ ಒಂದು ಗುರು, ಜೇನು ಕೀಳವ ಒಂದು ಗುರು, ಜೇಡ ಒಂದು ಗುರು, ಮತ್ತ ಕೊನಿಗೆ ಪೇಶಸ್ಕಾರಿ ಅಂತ ಒಂದು ಹುಳ. ಈ ಪೇಶಸ್ಕಾರಿ ಒಂದು ಕೀಡಿನ್ನ ತಂದು ಗ್ವಾಡಿ ಗೂಡಿನಾಗ ಮುಚ್ಚತದ. ಕೀಡಿ ಅಂಜಿಕಿಯಿಂದ ಹಗಲೂ ರಾತ್ರಿ ಅದರದ ಧ್ಯಾನ ಮಾಡಿ, ಕಡೀಕೆ ಅದರ ರೂಪಾನ ಪಡೀತದ. ಮನಸ್ಸು ಯಾವುದನ್ನ ಹಿಡೀತದೋ ಮನಷ್ಯಾ ಅದ ಆಗ್ತಾನ ಅನ್ನೋದು ತಾತ್ಪರ್ಯ. ಶಂಕರಾಚಾರ್ಯರ ಹೆಸರಿನಾಗಿರೋ ವಿವೇಕಚೂಡಾಮಣಿಯೊಳಗೂ ಇದೇ ದೃಷ್ಟಾಂತ ಬರ್ತದ. ಇದಕ್ಕ ಕೀಟ-ಭ್ರಮರ ನ್ಯಾಯ ಅಂತಾರ.

ಇಲ್ಲೇ ಹುಳ ಗುರ್ತು ಹಿಡಿಯೂದರ ಮೊದಲನೇ ತೊಡಕು ಅದ ನೋಡ್ರಿ. ಭ್ರಮರ ಅಂದಕೂಡ್ಲೆ ನಾವು ಹೂವಿನಮ್ಯಾಲೆ ಗುಂಯ್ ಅನ್ನೂ ಕರಿ ದುಂಬಿ ಅಂತ ತಿಳಕೊಳ್ತೀವಿ. ದುಂಬಿ ಎಂದೂ ಕೀಡಿ ಹಿಡಿಯೂದಿಲ್ಲ, ಮಣ್ಣಿನ ಗೂಡೂ ಕಟ್ಟೂದಿಲ್ಲ. ಒಣಗಿದ ಕಟಗಿಗೆ ತೂತು ಕೊರದು ಒಳಗ ಇರ್ತದ. ತೊಲಿ ಕೆಳಗ ಕಟಗಿ ಹಿಟ್ಟು ಬಿದ್ದಿದ್ರ ಅದು ದುಂಬಿ ಕೆಲಸ. ಕೀಡಿ ಹೊತ್ತು ತರೂದು ಕಣಜದ ಜಾತಿಯ ಕುಂಬಾರ ಹುಳ. ಹೆಸರು ಅದಲುಬದಲಾಗಿದ್ದಕ್ಕ ದುಂಬಿ ಮ್ಯಾಲೆ ಕಣಜದ ಕಥಿ ಬಂದು ಕೂತದ.

ಇನ್ನ ಈ ನಂಬಿಕಿ ನಮ್ಮ ದೇಶದ್ದಷ್ಟ ಅಂತ ತಿಳೀಬ್ಯಾಡ್ರಿ. ಚೀನಾದವರ ಅತೀ ಹಳೆ ಹಾಡಿನ ಸಂಗ್ರಹಕ್ಕ ಶಿಜಿಂಗ್ ಅಂತಾರ, ಎರಡೂವರೆ ಸಾವಿರ ವರ್ಷದಷ್ಟು ಹಳೇದು. ಅದರಾಗ ಕಣಜ ಇನ್ನೊಂದು ಹುಳದ ಮರಿ ಹೊತಗೊಂಡು ಹೋಗೂ ಮಾತು ಬರ್ತದ. ಮುಂದ ಯಾಂಗ್ ಷಿಯೊಂಗ್ ಅನ್ನೋ ಪಂಡಿತ ಅದಕ್ಕ ಮತ್ತೊಂದು ಮಾತು ಸೇರಿಸಿದ: ಕಣಜ ಆ ಮರಿ ಮುಂದ ಕೂತು, ನನ್ನಂಗ ಆಗಂತ ಜಪ ಮಾಡ್ತದ, ಅದೂ ಹಂಗ ಆಗ್ತದ ಅಂತ. ಕಣಜಕ್ಕ ಮಕ್ಕಳಾಗೂದಿಲ್ಲ, ಅದಕ್ಕ ಮಂದಿ ಮರಿ ತಂದು ತನ್ನದು ಮಾಡ್ಕೊಳ್ತದ ಅಂತ ಅವರ ನಂಬಿಕಿ. ಈ ಹುಳದ ಹೆಸರಿನಿಂದನ ಅವರ ಭಾಷಾದಾಗ ದತ್ತಕ ಮಗನಿಗೆ 'ಮಿಂಗ್‌ಲಿಂಗ್ ಮಗ' ಅನ್ನೋ ಶಬ್ದ ಬಂತು. ಮಿಂಗ್‌ಲಿಂಗ್ ಅಂದ್ರ ಆ ಹಸಿರು ಕೀಡಿ.

ಎರಡು ದೇಶ, ಎರಡು ಭಾಷಾ, ಒಂದ ಕಥಿ. ಹಿರ್ಯಾರು ಸುಳ್ಳು ಕಟ್ಟಿದ್ರೇನು? ಇಲ್ಲ. ಅವರು ಕಣ್ಣಾರೆ ಕಂಡದ್ದನ್ನ ಹೇಳಿದ್ರು. ಗೂಡಿನಾಗ ಕೀಡಿ ಹೋದದ್ದು ಖರೆ, ಗೂಡು ಒಡದು ಕಣಜ ಬಂದದ್ದೂ ಖರೆ. ನಡುವ ಇದ್ದ ಒಂದು ಸಣ್ಣ ತತ್ತಿ ಮಾತ್ರ ಅವರಿಗೆ ಕಾಣಲಿಲ್ಲ.

ಆ ತತ್ತಿ ಕಂಡವರೂ ಇದ್ರು. ಚೀನಾದ ವೈದ್ಯ ತಾವೊ ಹೊಂಗ್‌ಜಿಂಗ್ (456–536) ಔಷಧದ ಪುಸ್ತಕಕ್ಕ ಟಿಪ್ಪಣಿ ಬರೀತಾ, ಕಣಜ ತನ್ನದ ತತ್ತಿ ಇಡ್ತದ, ಹೊತ್ತು ತಂದ ಹುಳ ಅದರ ಮರಿಗೆ ಊಟ ಅಂತ ಬರದಿಟ್ಟ. ಹಳೆ ನಂಬಿಕಿ ತಪ್ಪಂತ ಸೀದಾ ಹೇಳಿದ. ಅವನಕಿಂತ ಎಂಟು ನೂರು ವರ್ಷ ಮೊದಲ ಗ್ರೀಸ್ ದೇಶದ ಅರಿಸ್ಟಾಟಲ್ ಸುದ್ದಾ, ಜೇಡ ಬ್ಯಾಟಿ ಆಡಿ, ಗ್ವಾಡಿ ತೂತಿನಾಗ ತುಂಬಿ, ಮಣ್ಣು ಮೆತ್ತಿ ಒಳಗ ಮರಿ ಮಾಡೂ ಕಣಜದ ಬಗ್ಗೆ ಬರದಾನ. ಆದ್ರ ಪುಸ್ತಕದಾಗಿನ ಮಾತು ಓಣಿಗೆ ಬರೂದು ಸಾವಕಾಶ.

ಪೂರ್ತಿ ಬಿಡಿಸಿ ಹೇಳಿದವ ಫ್ರಾನ್ಸಿನ ಜೀನ್ ಹೆನ್ರಿ ಫಾಬ್ರ್ (1823–1915). ಬಡ ಶಾಲಿ ಮಾಸ್ತರ. ದೊಡ್ಡ ಪ್ರಯೋಗಶಾಲೆ ಏನೂ ಇರಲಿಲ್ಲ. ಬಿಸಿಲಾಗ ನೆಲದಮ್ಯಾಲೆ ಕೂತು ತಾಸಗಟ್ಟಲೆ ಹುಳ ನೋಡಿದ. 1879ರಿಂದ 1907ರವರೆಗೆ ಹತ್ತು ಸಂಪುಟ ಬರದ. ಕಣಜ ಹಿಡದ ಹುಳ ಎಷ್ಟೋ ದಿನ ಯಾಕ ಕೊಳಿಯೂದಿಲ್ಲ ಅಂತ ಅವನಿಗಿಂತ ಮೊದಲ ಮಂದಿ ತಲಿ ಕೆಡಿಸಿಕೊಂಡಿದ್ರು. ಕಣಜದ ವಿಷ ಉಪ್ಪಿನಕಾಯಿಗೆ ಉಪ್ಪು ಹಾಕಿದಂಗ ಕೆಲಸಾ ಮಾಡ್ತದೇನೋ ಅನಕೊಂಡಿದ್ರು. ಫಾಬ್ರ್ ತೋರಿಸಿಕೊಟ್ಟ: ಆ ಹುಳ ಸತ್ತಿರೂದ ಇಲ್ಲ. ಕಣಜ ಅದರ ನರಕ್ಕ ಚುಚ್ಚಿ ಕೈಕಾಲು ಆಡದಂಗ ಮಾಡಿರ್ತದ. ಮರಿಗೆ ತಾಜಾ ಊಟ ಬೇಕಲ್ಲಾ, ಅದಕ್ಕ. ಇನ್ನೂ ಒಂದು ಚಂದ ಸಂಗತಿ ಕಂಡ. ಗಡಿಗಿ ಕಟ್ಟೂ ಜಾತಿ ತನ್ನ ತತ್ತಿನ್ನ ಕೀಡಿಮ್ಯಾಲೆ ಇಡೂದಿಲ್ಲ, ಗಡಿಗಿಯ ಮಾಡಿಗೆ ಕೂದಲಿನಂಥಾ ಎಳಿಗೆ ತೂಗುಹಾಕ್ತದ. ಕೆಳಗಿನ ಕೀಡಿ ಅರೆಜೀವದಾಗ ಹೊರಳಿದ್ರೂ ತತ್ತಿ ನುಗ್ಗಾಗಬಾರದು. ತೊಟ್ಲು ಕಟ್ಟಿದಂಗ ಅಲ್ಲೇನು!

ನಮ್ಮ ಭಾಷಾದಾಗ ಕಣಜ ಅಂದ್ರ ಎರಡು. ಒಂದು ಈ ಹುಳ, ಇನ್ನೊಂದು ಕಾಳು ತುಂಬಿಡೂ ಕಣಜ. ಎರಡೂ ಶಬ್ದಕ್ಕ ಸಂಬಂಧ ಅದನೋ ಇಲ್ಲೋ ಪಂಡಿತರು ನೋಡಲಿ. ನನಗಂತೂ ಆ ಮಣ್ಣಿನ ಗೂಡು ನೋಡಿದಾಗ ಎರಡೂ ಒಂದ ಅನಿಸ್ತದ. ಮಗು ಹುಟ್ಟೂಕ್ಕ ಮೊದಲ ಅದರ ವರ್ಷದ ಕಾಳು ತುಂಬಿ, ಬಾಯಿ ಮುಚ್ಚಿ ಹೋಗೂ ತಾಯಿ.

ಈಗ ನಮ್ಮ ಕಡೆ ಬರೂಣು. ಮನ್ಯಾಗಿನ ಹುಳ ಹುಪ್ಪಡಿ ಬಗ್ಗೆ ತಮಾಷಿಯಿಂದ ಇಂಗ್ಲೀಷಿನಾಗ ಬರದವರಾಗ ಒಬ್ಬ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. 1851ರಾಗ ಸಾತಾರಾದಾಗ ಹುಟ್ಟಿದವ, ಉಪ್ಪು-ಜಕಾತಿ ಖಾತೆದಾಗ ನೌಕರಿ. ನಮ್ಮ ಉತ್ತರ ಕನ್ನಡ ಜಿಲ್ಲಾದಾಗೂ ಇದ್ದ. 1883ರಾಗ ಬಂದ ಅವನ ಪುಸ್ತಕದಾಗ ಇಲಿ, ಹಲ್ಲಿ, ಇರವಿ ಜೊತಿಗೆ ಜೇನು-ಕಣಜಗಳಿಗೇ ಒಂದು ಅಧ್ಯಾಯ ಅದ. ಆಮ್ಯಾಲೆ 1897ರಾಗ ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್ ಅನ್ನೋ ಅಧಿಕಾರಿ, ಬರ್ಮಾದ ಅಡವಿ ಖಾತೆದಾಗ ಇದ್ದವ, ಹಿಂದುಸ್ತಾನ, ಸಿಂಹಳ, ಬರ್ಮಾದ ಕಣಜ ಮತ್ತ ಜೇನು ಜಾತಿಗಳನ್ನೆಲ್ಲಾ ಒಂದ ದೊಡ್ಡ ಗ್ರಂಥದಾಗ ಹೆಸರು ಹಚ್ಚಿ ಇಟ್ಟ. ಇವರಿಗಿಂತ ನೂರು ವರ್ಷ ಮೊದಲ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ನಮ್ಮ ಕೋಲುಜೇನಿಗೆ 1787ರಾಗ, ಹೆಜ್ಜೇನಿಗೆ 1793ರಾಗ ಶಾಸ್ತ್ರದ ಹೆಸರು ಇಟ್ಟಿದ್ದ. ನಮ್ಮ ಬೇಲಿಯೊಳಗಿನ ಹುಳಕ್ಕ ಎಲ್ಲೆಲ್ಲಿಂದ ನಾಮಕರಣ ನೋಡ್ರಿ!

ಇಷ್ಟು ಓದಿದ ಮ್ಯಾಲೆ ನೀವೂ ಗುರ್ತು ಹಿಡೀಬೇಕಲ್ಲಾ. ಕಷ್ಟ ಏನಿಲ್ಲ. ಮೊದಲ ಮೈ ನೋಡ್ರಿ. ಜೇನಿನ ಮೈತುಂಬ ಸಣ್ಣ ಕೂದಲಾ, ಹಿಂದಿನ ಕಾಲು ಅಗಲ, ಅದಕ್ಕ ಹೂವಿನ ಪುಡಿ ಉಂಡಿ ಹಂಗ ಮೆತ್ತಿರ್ತದ. ಕಣಜದ ಮೈ ನುಣುಪು, ಎಣ್ಣಿ ಹಚ್ಚಿದಂಗ. ನಡ ದಾರದಂಗ ಸಣ್ಣ. ಹಾರೂ ಮುಂದ ಕಾಲು ಕೆಳಗ ಜೋತಾಡ್ತಾವ. ಮರಿಗೆ ಹೂವಿನ ಊಟ ಹಾಕೂದು ಜೇನು, ಮಾಂಸದ ಊಟ ಹಾಕೂದು ಕಣಜ. ಖರೆ ಅಂದ್ರ ಜೇನಿನ ಮೂಲ ವಂಶಾನೂ ಬ್ಯಾಟಿ ಆಡೂ ಕಣಜದ್ದ. ಹತ್ತು ಕೋಟಿ ವರ್ಷಕ್ಕಿಂತ ಹಿಂದ ಅದರಾಗಿನ ಒಂದು ಮನಿತನ ಮಾಂಸ ಬಿಟ್ಟು ಹೂವಿಗೆ ಹತ್ತಿತು. ಅವ ಇವತ್ತಿನ ಜೇನುಗಳು.

ಆಮ್ಯಾಲೆ ಗೂಡು ನೋಡ್ರಿ. ಎತ್ತರದ ಗಿಡ, ನೀರಿನ ಟಾಕಿ, ಗುಡಿ ಗೋಪುರಕ್ಕ ಮೊರದಷ್ಟು ದೊಡ್ಡ ಒಂದ ಹುಟ್ಟು ಬಯಲಾಗ ಜೋತಬಿದ್ದಿದ್ರ ಹೆಜ್ಜೇನು. ಅದರ ತಂಟೆಗೆ ಹೋಗಬ್ಯಾಡ್ರಿ, ಹೊಗಿ ಹಾಕಬ್ಯಾಡ್ರಿ, ಗುಂಪಿಲೆ ಬೆನ್ನ ಹತ್ತತಾವ. ಬೇಲಿ, ದಾಸಾಳ ಗಿಡದಾಗ ಅಂಗೈಯಷ್ಟು ಒಂದ ಹುಟ್ಟು ಟೊಂಗಿಗೆ ಸುತ್ತಿಕೊಂಡಿದ್ರ ಕೋಲುಜೇನು. ಗಿಡದ ಪೊಟರಿ, ಗ್ವಾಡಿ ಸಂದಿಯ ಕತ್ತಲದಾಗ ಒಂದರ ಪಕ್ಕ ಒಂದು ಹಲ್ಲಿ-ಬಿಲ್ಲಿ ಇಲ್ಲದ ಸಾಲಾಗಿ ಹುಟ್ಟು ಇದ್ರ ತುಡುವಿ. ಪೆಟಿಗ್ಯಾಗ ಸಾಕೂದು ಇದನ್ನ. ಗ್ವಾಡಿ ಬಿರುಕಿನಿಂದ ಮೇಣದ ಸಣ್ಣ ನಳಿಗಿ ಹೊರಗ ಬಂದು, ಅದರಾಗಿಂದ ನೊಣಕ್ಕಿಂತ ಸಣ್ಣ ಕರಿ ಹುಳ ಓಡಾಡಿದ್ರ ಮಿಸರಿ, ಕೆಲವರು ನಸರಿ ಅಂತಾರ. ಅದಕ್ಕ ಮುಳ್ಳು ಚುಚ್ಚಲಿಕ್ಕೆ ಬರೂದ ಇಲ್ಲ.

ಬೂದಿಬಣ್ಣದ ಕಾಗದದಂಥಾ ಗೂಡು, ತೂತಿನ ಬಾಯಿ ಕೆಳಗಾಗಿ, ಕಿಡಕಿ ಮ್ಯಾಲೆ ಛತ್ರಿ ಹಂಗ ಜೋತಿದ್ರ ಅದು ಕಣಜ. ಒಳಗ ಜೇನು ಹುಡುಕಬ್ಯಾಡ್ರಿ, ಇರೂದಿಲ್ಲ. ಕಟಗಿ ನಾರು ಅಗದು ಅಗದು ಅದು ಖರೇನ ಕಾಗದ ಮಾಡ್ತದ. ಹಳೆ ಅರಬಿ ಚಿಂದಿಯಿಂದ ಕಾಗದ ಮಾಡೂ ಕಾಲದಾಗ, 1719ರಾಗ, ರೆಯೊಮ್ಯೂರ್ ಅನ್ನೋ ಫ್ರೆಂಚ್ ವಿಜ್ಞಾನಿ ಈ ಗೂಡು ನೋಡಿ, ಮನಷ್ಯಾರೂ ಕಟಗಿಯಿಂದ ಕಾಗದ ಮಾಡಬಹುದಲ್ಲಾ ಅಂತ ಹೇಳಿದ. ನಮ್ಮ ಮಕ್ಕಳ ನೋಟಬುಕ್ಕಿಗೆ ಕಣಜ ಹಿಂಗ ದಾರಿ ತೋರಿಸಿದ್ದು.

ಮಣ್ಣಿನ ಗೂಡಿನಾಗ ಎರಡು. ಸಾಲು ಕೊಳವಿ ಇದ್ರ, ದಾರದಂಥಾ ನಡ ಇರೂ ಕುಂಬಾರ ಹುಳ, ಜೇಡ ತುಂಬತದ. ಕಂಠ ಇರೂ ಪುಟ್ಟ ಗಡಿಗಿ ಇದ್ರ, ಹಸಿರು ಕೀಡಿ ತುಂಬೂ ಜಾತಿ. ಗಂಡು-ಹೆಣ್ಣು ಕೂಸಿನ ಮಾತಲ್ಲ, ಜೇಡ-ಕೀಡಿ ಮಾತು ಅಷ್ಟ. ಇನ್ನ ಬಚ್ಚಲಮನ್ಯಾಗ ನವಿಲಿನ ಬಣ್ಣದ ಹೊಳಿಯೂ ಹುಳ ಒಂದು ಜಿರಳಿನ್ನ ಮೀಸಿ ಹಿಡದು, ಆಕಳ ಹಗ್ಗ ಹಿಡದಂಗ ನಡಸ್ಕೊಂಡು ಹೊಂಟಿದ್ರ ಹೊಡೀಬ್ಯಾಡ್ರಿ. ಅದೂ ಕಣಜನ, ತನ್ನ ಮರಿಗೆ ಊಟ ಒಯ್ಲಿಕ್ಕೆ ಹತ್ತಿರ್ತದ. ಗುಲಾಬಿ ಎಲಿ ಅಂಚು ಕತ್ತರಿಲೆ ದುಂಡಗ ಕತ್ತರಿಸಿದಂಗ ಆಗಿದ್ರ ಔಷಧ ಹೊಡೀಬ್ಯಾಡ್ರಿ, ಅದು ಎಲಿ ಕತ್ತರಿಸೂ ಜೇನು. ಒಯ್ದು ಮರಿಗೆ ಹಾಸಿಗಿ ಮಾಡ್ತದ.

ಕಡದ್ರ ಏನು ಮಾಡೂದು? ಜೇನು ಕಡದ್ರ ಮುಳ್ಳು ಚರ್ಮದಾಗ ಉಳೀತದ, ವಿಷ ಇಳೀತಾನ ಇರ್ತದ. ಉಗುರಿಲೋ ಮತ್ಯಾತರಲೋ ಲಗೂನ ತಗದು ಬಿಡ್ರಿ, ಸುಣ್ಣ ಅರಿಶಿಣ ಹುಡಕ್ಕೋತ ಹೊತ್ತು ಕಳೀಬ್ಯಾಡ್ರಿ. ಕಣಜದ ಮುಳ್ಳು ಉಳಿಯೂದಿಲ್ಲ, ಅದಕ್ಕ ಅದು ಮತ್ತ ಮತ್ತ ಚುಚ್ಚಬಹುದು. ತಣ್ಣೀರ ಅರಬಿ ಇಡ್ರಿ. ಉಸರು ಕಟ್ಟಿದ್ರ, ಮಾರಿ-ತುಟಿ ಬಾತ್ರ, ತಲಿ ಸುತ್ತಿದ್ರ, ಇಲ್ಲಾ ಭಾಳ ಕಡೆ ಕಡಿದಿದ್ರ ಸೀದಾ ದವಾಖಾನಿಗೆ ಹೋಗ್ರಿ. ಅಂದಹಂಗ ಚುಚ್ಚೂದು ಬರೇ ಹೆಣ್ಣು ಹುಳ. ತತ್ತಿ ಇಡೂ ಅಂಗಾನ ಮುಳ್ಳಾಗಿ ಬದಲಾದದ್ದು, ಗಂಡಿಗೆ ಅದು ಇರೂದ ಇಲ್ಲ. ಸುಮ್ಮನ ಮಣ್ಣು ಹೊತಗೊಂಡು ಓಡಾಡೂ ಕುಂಬಾರ ಹುಳ ಮಾತ್ರ ಕೈಲೆ ಹಿಡದ ಹೊರತು ಸಾಮಾನ್ಯವಾಗಿ ಯಾರಿಗೂ ಚುಚ್ಚೂದಿಲ್ಲ.

ಮತ್ತ ನಮ್ಮ ಮನಿಗೆ ಬರ್ತೀನಿ. ಅವ್ವ ಗೂಡು ಒಡದ ಮರುವರ್ಷ ಮತ್ತ ಜಂತಿಗೆ ಗೂಡು ಬಿತ್ತು. ಆ ಸಲ ಅಜ್ಜಿನ ಕಸಬರಗಿ ತಗೊಂಡು ಅದನ್ನ ಬಳದು ಹಾಕಿದ್ಲಂತ. ಯಾರೂ ಏನೂ ಕೇಳಲಿಲ್ಲ, ಅಜ್ಜಿನೂ ಹೇಳಲಿಲ್ಲ. ಬಂದವರು ಜಂತಿ ನೋಡೂದು ಅವತ್ತಿಗೆ ನಿಂತಿತು. ಅದಾಗಿ ಎರಡು ವರ್ಷಕ್ಕ ಅವ್ವನ ತಂಗಿಯ ಮೂರನೇ ಮಗಳನ್ನ ಈ ಮನಿಗೆ ಕರಕೊಂಡು ಬಂದ್ರು. ಆ ಮಗಳು ನಾನು.

ನಾನು ಸಣ್ಣಾಕಿ ಇದ್ದಾಗ ಮಂದಿ ಹೇಳ್ತಿದ್ರು, "ಕೀಟ ಭ್ರಮರ ಆದಂಗ ಈಕಿನೂ ನಿಮ್ಮಂಗ ಆಗ್ಯಾಳ ನೋಡ್ರಿ" ಅಂತ. ಪ್ರೀತಿಲೆ ಅಂದ ಮಾತು. ಅವ್ವ ಮಾತ್ರ ಒಪ್ಪತಿರಲಿಲ್ಲ. "ಆ ಹುಳ ತನ್ನ ಮರಿಗೆ ಇನ್ನೊಂದರ ಮರಿ ತಿನಸ್ತದ. ನಾ ಇಕಿಗೆ ಅನ್ನ ಹಾಕೀನಿ" ಅಂತಿದ್ಲು. ಚೀನಾದವರ ದತ್ತಕ ಮಗನ ಶಬ್ದ ಓದಿದಾಗ ಅದನ್ನ ಅಕಿಗೆ ಹೇಳಬೇಕಿತ್ತು ಅನಿಸ್ತು. ಅಷ್ಟೊತ್ತಿಗೆ ಅವ್ವ ಇರಲಿಲ್ಲ.

ಭಾಗವತದ ತಾತ್ಪರ್ಯ ಸುಳ್ಳಾತೇನು ಅಂತ ಯಾರಾರ ಕೇಳಬಹುದು. ಇಲ್ಲ. ಯಾವುದರ ಧ್ಯಾನವೋ ಅದರಂತೆ ಮನಸ್ಸು ಅನ್ನೋದು ಮನಷ್ಯಾರ ಬಗ್ಗೆ ಹೇಳಿದ ಮಾತು. ಅವ್ವನ ಕೈಯಾಗಿನ ರುಚಿ, ಸಿಟ್ಟು ಬಂದಾಗ ಸೆರಗು ಸಿಗಿಸೂದು, ಎಲ್ಲಾ ನನಗ ಬಂದದ. ಹುಳದ ಉದಾಹರಣಿ ಇಲ್ಲದನೂ ಅದು ಖರೆ.

ವೈನಿಗೆ ನಾ ಬರದ ಉತ್ತರ ಇಷ್ಟ: ಅದು ಜೇನಲ್ಲ, ಕಣಜದ ಜಾತಿ ಕುಂಬಾರ ಹುಳ. ಕಡಿಯೂ ಹುಳ ಅಲ್ಲ. ಒಳಗ ಜೇಡ ಮತ್ತ ಅದರ ಮರಿ ಅವ. ಗೂಡಿಗೆ ತೂತು ಬಿದ್ದಿದ್ರ ಮರಿ ಹಾರಿ ಹೋಗ್ಯಾವ, ಕೆತ್ತಿ ತಗದು ಒರಸ್ರಿ. ಬಾಯಿ ಮುಚ್ಚಿದ್ರ ಕೆಲವು ವಾರ ತಡೀರಿ. ಶುಭ-ಅಶುಭ ಅದರಾಗ ಏನೂ ಇಲ್ಲ. ಸೊಸಿ ಆ ಗ್ವಾಡಿ ಮುಂದ ಕೂತು ಪೂಜಾ ಮಾಡೂ ಹೊತ್ತಿನಾಗ ಯಾರೂ ಮ್ಯಾಲೆ ನೋಡಿ ನಗಬ್ಯಾಡ್ರಿ.

ಸ್ವಲ್ಪ ಹೊತ್ತಿನ ಮ್ಯಾಲೆ ಅವರ ಉತ್ತರ ಬಂತು: "ಸೊಸಿಗೇ ಓದಲಿಕ್ಕೆ ಕೊಟ್ಟೆ. ತೂತು ಬಿದ್ದಾವೇನು ನೋಡ್ತೀನಿ ಅಂತ ಸ್ಟೂಲ್ ಹತ್ಯಾಳ."